ಕೆಮ್ಮು ರೋಗದ ಹೆಸರಲ್ಲ: ಎದೆರೋಗದ ಫೈಲು ಓದುವ ಬಗೆ

ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಬೀರುವಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಒಳಗೆ ಎಕ್ಸ್‌ರೇ ಫಿಲ್ಮು, ಲ್ಯಾಬ್ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿ. ಹೊಸ ಡಾಕ್ಟರ ಹತ್ತಿರ ಹೋದಾಗ ಅದನ್ನು ಹಾಗೇ ಮೇಜಿನ ಮೇಲೆ ಇಡುತ್ತೀರಿ. ಏನಾಗಿತ್ತು ಅಂತ ಕೇಳಿದರೆ, "ಅದ್ರಲ್ಲೇ ಎಲ್ಲಾ ಬರ್ದಿದೆ ಸಾರ್" ಅನ್ನುತ್ತೀರಿ. ನಿಜ, ಬರೆದಿರುತ್ತದೆ. ಆದರೆ ಉಸಿರು ನಿಮ್ಮದು. ಏನು ಬರೆದಿದೆ ಅನ್ನುವುದು ನಿಮಗೂ ಗೊತ್ತಿರಬೇಕು, ಅಲ್ವಾ? ಇವತ್ತು ಆ ಕವರ್ ಬಿಚ್ಚೋಣ.

ಅದರೊಳಗಿನ ಪದಗಳು ಮೂರು ಬಗೆ. ನಿಮಗೆ ಏನು ತೊಂದರೆ ಅಂತ ಹೇಳುವವು ಕೆಲವು. ಒಳಗೆ ಏನು ಕೆಟ್ಟಿದೆ ಅಂತ ಹೇಳುವವು ಕೆಲವು. ಅದು ಕೆಟ್ಟಿದೆ ಅಂತ ಹೇಗೆ ಗೊತ್ತಾಯಿತು ಅಂತ ಹೇಳುವವು ಇನ್ನು ಕೆಲವು. ಕೆಮ್ಮು, ಉಬ್ಬಸ, ಕಫದಲ್ಲಿ ರಕ್ತ, ಇವೆಲ್ಲ ಮೊದಲನೇ ಗುಂಪು. ಅಸ್ತಮಾ, ನ್ಯುಮೋನಿಯಾ, ಕ್ಷಯ ಎರಡನೇ ಗುಂಪು. ಎಕ್ಸ್‌ರೇ, ಸ್ಪೈರೋಮೆಟ್ರಿ (ಊದುವ ಪರೀಕ್ಷೆ), ಕಫ ಪರೀಕ್ಷೆ ಮೂರನೇ ಗುಂಪು. ಎಷ್ಟೋ ಫೈಲುಗಳಲ್ಲಿ ಮೊದಲನೆಯದು ಇರುತ್ತದೆ, ಎರಡನೆಯದು ಇರುತ್ತದೆ, ಮೂರನೆಯದು ಮಾತ್ರ ಇರುವುದಿಲ್ಲ. ಅಸ್ತಮಾ ಅಂತ ಬರೆದಿದೆ, ಹತ್ತು ವರ್ಷದಿಂದ ಔಷಧಿ ನಡೆದಿದೆ, ಒಂದು ಸಲವೂ ಊದುವ ಪರೀಕ್ಷೆ ಮಾಡಿಸಿಲ್ಲ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಈ ಖಾಲಿ ಜಾಗದ ಬಗ್ಗೆ.

ಮೊದಲು ಹೆಸರುಗಳನ್ನು ಬೇಗ ಮುಗಿಸುತ್ತೇನೆ. ಉಸಿರಿನ ದಾರಿ ತಲೆಕೆಳಗಾದ ಮರದ ಹಾಗಿದೆ. ಕಾಂಡ ಟ್ರೇಕಿಯಾ, ದೊಡ್ಡ ಕೊಂಬೆಗಳು ಬ್ರಾಂಕಸ್, ಸಣ್ಣ ರೆಂಬೆಗಳು ಬ್ರಾಂಕಿಯೋಲ್. ಕೊನೆಯಲ್ಲಿ ಗಾಳಿ ತುಂಬುವ ಪುಟ್ಟ ಚೀಲಗಳು, ಆಲ್ವಿಯೋಲೈ. ಇವು ಕೋಟಿಗಟ್ಟಲೆ ಇವೆ. ಜಾಗದ ಹೆಸರಿಗೆ 'ಐಟಿಸ್' ಸೇರಿದರೆ ಅಲ್ಲಿ ಉರಿಯೂತ ಆಗಿದೆ ಅಂತ. ಮೂಗಿನಲ್ಲಿ ಆದರೆ ರೈನೈಟಿಸ್, ಧ್ವನಿಪೆಟ್ಟಿಗೆಯಲ್ಲಿ ಲ್ಯಾರಿಂಜೈಟಿಸ್, ಕೊಂಬೆಗಳಲ್ಲಿ ಬ್ರಾಂಕೈಟಿಸ್, ಎಳೆ ಮಕ್ಕಳ ಸಣ್ಣ ರೆಂಬೆಗಳಲ್ಲಿ ಬ್ರಾಂಕಿಯೋಲೈಟಿಸ್. ಸೋಂಕು ಗಾಳಿಚೀಲಗಳಿಗೇ ಇಳಿದು ಅಲ್ಲಿ ಕೀವು, ನೀರು ತುಂಬಿಕೊಂಡರೆ ನ್ಯುಮೋನಿಯಾ. 'ಪ್ನಿಯಾ' ಅಂತ ಮುಗಿಯುವ ಪದಗಳು ಉಸಿರಾಟದ ರೀತಿ ಹೇಳುತ್ತವೆ. ಡಿಸ್ಪ್ನಿಯಾ ಅಂದರೆ ಏದುಸಿರು. ಟ್ಯಾಕಿಪ್ನಿಯಾ ಅಂದರೆ ಬೇಗಬೇಗ ಉಸಿರಾಡುವುದು. ಸುಮ್ನೆ ಕೂತಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಅದನ್ನು ದಾಟಿದರೆ ಈ ಪದ ಬರುತ್ತದೆ. ಆರ್ಥೋಪ್ನಿಯಾ ಅಂದರೆ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಸರಿಹೋಗುತ್ತದೆ ಅಂತ. "ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?" ಅಂತ ಡಾಕ್ಟರು ಕೇಳುವುದು ಇದಕ್ಕೇ. ಈ ಪದ ಕಂಡರೆ ಶ್ವಾಸಕೋಶದ ಜೊತೆಗೆ ಹೃದಯವನ್ನೂ ನೋಡಬೇಕು.

ಇನ್ನು ಕೆಮ್ಮಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ನಮ್ಮದೇ ನಾಡಿನಲ್ಲಿ ನಡೆದ ಒಂದು ಅಧ್ಯಯನ ಇದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಶುರುವಾದದ್ದು. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿ, ಪಟ್ಟಣಗಳಲ್ಲಿ ಜನರನ್ನು ಮಾತಾಡಿಸಿದರು. 1963ರಲ್ಲಿ ಅದು ಪ್ರಕಟವಾಯಿತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕಾಯಿಲೆ ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಅನ್ನುವ ನಂಬಿಕೆ ಆಗ ಇತ್ತು. ಇವರಿಗೆ ಕಂಡದ್ದೇ ಬೇರೆ. ಕ್ಷಯ ಇದ್ದವರಲ್ಲಿ ಹೆಚ್ಚಿನವರಿಗೆ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಜನ ಬಂದಿದ್ದರು, ಕಫ ಪರೀಕ್ಷೆ ಮಾಡುವವರು ಅಲ್ಲಿರಲಿಲ್ಲ. ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಆಗಬೇಕು ಅನ್ನುವ ನೀತಿಯನ್ನು ಗಟ್ಟಿ ಮಾಡಿದ್ದು ಇಂಥ ಕೆಲಸಗಳು.

ಅರವತ್ತು ವರ್ಷ ಕಳೆದರೂ ಈ ಕಥೆ ಪೂರ್ತಿ ಮುಗಿದಿಲ್ಲ. ಈಗಲೂ ಎರಡು ತಿಂಗಳ ಕೆಮ್ಮಿಗೆ ನಾಲ್ಕು ಬಗೆಯ ಸಿರಪ್ ಕುಡಿದು ಬರುವವರು ಇದ್ದಾರೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಡಾಕ್ಟರು ಬರೆಯದಿದ್ದರೆ ನೀವೇ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ.

ಆ ರಿಪೋರ್ಟಿನಲ್ಲಿ ಕಾಣುವ ಪದಗಳನ್ನು ನೋಡೋಣ. 'ಎಎಫ್‌ಬಿ' ಅಂದರೆ ಕಫಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ರೋಗಾಣು ಹುಡುಕಿದ್ದಾರೆ ಅಂತ. ಪಕ್ಕದಲ್ಲಿ 1+, 2+, 3+ ಅಂತ ಇದ್ದರೆ ಎಷ್ಟು ಕಂಡಿತು ಅನ್ನುವ ಲೆಕ್ಕ. 'ನೆಗೆಟಿವ್' ಅಂತ ಬಂದರೆ ಕ್ಷಯ ಇಲ್ಲವೇ ಇಲ್ಲ ಅಂತ ಅರ್ಥ ಅಲ್ಲ. ಒಂದು ಮಿಲಿ ಕಫದಲ್ಲಿ ರೋಗಾಣುಗಳು ಸಾವಿರಗಟ್ಟಲೆ ಇದ್ದರೆ ಮಾತ್ರ ಮೈಕ್ರೋಸ್ಕೋಪಿಗೆ ಸಿಗುತ್ತವೆ. ಕಡಿಮೆ ಇದ್ದಾಗ ಹಿಡಿಯುವುದು 'ಸಿಬಿನ್ಯಾಟ್' ಮತ್ತು 'ಟ್ರೂನ್ಯಾಟ್'. ಇವು ರೋಗಾಣುವಿನ ಡಿಎನ್‌ಎ ಹುಡುಕುತ್ತವೆ. ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಆ ರೋಗಾಣು ಬಗ್ಗುತ್ತದೋ ಇಲ್ಲವೋ ಅನ್ನುವುದನ್ನೂ ಕೆಲವೇ ಗಂಟೆಗಳಲ್ಲಿ ಹೇಳುತ್ತವೆ. ಟ್ರೂನ್ಯಾಟ್ ರೂಪುಗೊಂಡದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ. ಬ್ಯಾಟರಿಯಲ್ಲೂ ನಡೆಯುವ ಪುಟ್ಟ ಯಂತ್ರ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿಕೊಂಡಿತು. ಕರೆಂಟು ಬಂದು ಹೋಗುವ ಊರುಗಳಿಗೆ ಇದು ಎಷ್ಟು ದೊಡ್ಡ ಅನುಕೂಲ ಅನ್ನುವುದು ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಆದರೆ ಯಂತ್ರ ಎಷ್ಟೇ ಒಳ್ಳೆಯದಿರಲಿ, ಡಬ್ಬಿಯಲ್ಲಿ ಉಗುಳು ಕೊಟ್ಟರೆ ಏನೂ ಸಿಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ. ಎರಡು ಮೂರು ಸಲ ಉಸಿರು ಆಳವಾಗಿ ಎಳೆದುಕೊಂಡು ಎದೆಯಾಳದಿಂದ ಕೆಮ್ಮಿ. ಅಂಟಂಟಾಗಿ, ಗಟ್ಟಿಯಾಗಿ ಬರುವುದು ಕಫ. ನೀರುನೀರಾಗಿ, ನೊರೆನೊರೆಯಾಗಿ ಬಂದರೆ ಅದು ಬಾಯಿಯದ್ದು. ಮನೆಯೊಳಗೆ ಬೇಡ, ಬಯಲಲ್ಲಿ, ಯಾರೂ ಹತ್ತಿರ ಇಲ್ಲದ ಕಡೆ ಕೊಡಿ. ಆಶಾ ಕಾರ್ಯಕರ್ತೆಯರು ಇಲ್ಲಿ ಕೂತಿದ್ದೀರಿ. ಡಬ್ಬಿ ಕೊಡುವಾಗ ಈ ಎರಡು ಮಾತು ಹೇಳಿಬಿಡಿ. ಅರ್ಧ ನಿಮಿಷದ ಕೆಲಸ, ಪರೀಕ್ಷೆಯ ಫಲ ಅದರ ಮೇಲೆ ನಿಂತಿರುತ್ತದೆ.

ಕ್ಷಯಕ್ಕೆ ರಕ್ತ ಪರೀಕ್ಷೆ ಮಾಡಿಸಿದ್ದೇವೆ ಅಂತ ಕೆಲವರು ತರುತ್ತಾರೆ. ರಕ್ತದಲ್ಲಿ ಆಂಟಿಬಾಡಿ ನೋಡಿ ಕ್ಷಯ ಇದೆ, ಇಲ್ಲ ಅಂತ ಹೇಳುವ ಪರೀಕ್ಷೆಗಳನ್ನು ಭಾರತ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಅವು ಇದ್ದವರಿಗೆ ಇಲ್ಲ ಅನ್ನುತ್ತಿದ್ದವು, ಇಲ್ಲದವರಿಗೆ ಇದೆ ಅನ್ನುತ್ತಿದ್ದವು. ಇನ್ನು ಮ್ಯಾಂಟೋ. ಮುಂಗೈ ಚರ್ಮಕ್ಕೆ ಸೂಜಿ ಚುಚ್ಚಿ 48ರಿಂದ 72 ಗಂಟೆ ಬಿಟ್ಟು ಅಳೆಯುತ್ತಾರಲ್ಲ, ಅದು. ಅಳೆಯಬೇಕಾದದ್ದು ಗಟ್ಟಿಯಾದ ಊತವನ್ನು, ಕೆಂಪಾದ ಜಾಗವನ್ನಲ್ಲ. ಪಾಸಿಟಿವ್ ಬಂದರೆ ರೋಗಾಣು ಎಂದೋ ಮೈಯೊಳಗೆ ಹೊಕ್ಕಿದೆ ಅಂತ ಮಾತ್ರ. ನಮ್ಮ ದೇಶದಲ್ಲಿ ಅಂಥವರು ಬಹಳ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ರೋಗ ಬರುವುದಿಲ್ಲ. 'ಟಿಬಿ ಗೋಲ್ಡ್' ಅನ್ನುವ ರಕ್ತ ಪರೀಕ್ಷೆಯೂ ಹೇಳುವುದು ಇಷ್ಟೇ. ದೊಡ್ಡವರಿಗೆ ಇವೆರಡನ್ನೇ ನಂಬಿ ಆರು ತಿಂಗಳ ಔಷಧಿ ಶುರು ಮಾಡುವುದು ಸರಿಯಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಡಾಕ್ಟರುಗಳು ಕೆಲವು ಹೆಸರುಗಳನ್ನು ಮರೆಮಾಚಿ ಬರೆಯುತ್ತಾರೆ. 'ಪಲ್ಮನರಿ ಕಾಕ್ಸ್' ಅಂತ ಫೈಲಿನಲ್ಲಿ ಇದ್ದರೆ ಅದು ಶ್ವಾಸಕೋಶದ ಕ್ಷಯ. ಕ್ಷಯದ ರೋಗಾಣುವನ್ನು 1882ರ ಮಾರ್ಚ್ 24ರಂದು ಜಗತ್ತಿಗೆ ತೋರಿಸಿದ ರಾಬರ್ಟ್ ಕಾಕ್ ಅವರ ಹೆಸರು ಅದು. ಟಿಬಿ ಅಂದರೆ ಮನೆಯವರು ಹೆದರುತ್ತಾರೆ, ಮಗಳ ಮದುವೆ ನಿಲ್ಲುತ್ತದೆ, ಬಾಡಿಗೆ ಮನೆ ಖಾಲಿ ಮಾಡಿಸುತ್ತಾರೆ ಅನ್ನುವ ಕಾಳಜಿಯಿಂದ ಶುರುವಾದ ರೂಢಿ. ಹಾಗೇ ಮಕ್ಕಳ ಅಸ್ತಮಾ 'ಅಲರ್ಜಿಕ್ ಬ್ರಾಂಕೈಟಿಸ್' ಆಗುತ್ತದೆ, ಕ್ಯಾನ್ಸರ್ 'ಮೈಟಾಟಿಕ್ ಲೀಶನ್' ಆಗುತ್ತದೆ. ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಹೆಸರು ತಿಳಿಯದ ರೋಗಿ ಎರಡು ತಿಂಗಳಿಗೆ ಸ್ವಲ್ಪ ಹುಷಾರಾದ ಕೂಡಲೇ ಮಾತ್ರೆ ಬಿಡುತ್ತಾನೆ. ತನಗೆ ಇರುವುದು ಕ್ಷಯ, ಪೂರ್ತಿ ಔಷಧಿ ಮುಗಿಸದಿದ್ದರೆ ಅದು ಮೊಂಡಾಗಿ ತಿರುಗಿ ಬರುತ್ತದೆ ಅಂತ ಅವನಿಗೆ ಯಾರೂ ಹೇಳಿರುವುದಿಲ್ಲ. ಅಸ್ತಮಾ ಅನ್ನುವ ಪದ ಕೇಳದ ತಾಯಿ ಮಗುವಿನ ಇನ್ಹೇಲರ್ ನಿಲ್ಲಿಸಿ ಸಿರಪ್ ಕೊಡುತ್ತಾಳೆ. ಮರೆಮಾಚಿದ ಹೆಸರಿನಿಂದ ರೋಗಿಗೆ ಒಳ್ಳೆಯದಾದದ್ದನ್ನು ನಾನು ನೋಡಿಲ್ಲ. "ಇದು ಟಿಬಿನಾ ಸಾರ್, ಸರಿಯಾಗಿ ಹೇಳಿ" ಅಂತ ಬಾಯಿಬಿಟ್ಟು ಕೇಳಿ.

ಈಗ ಊದುವ ಪರೀಕ್ಷೆ. ಸ್ಪೈರೋಮೆಟ್ರಿ ಅಂತ ಅದರ ಹೆಸರು. ಬಿಪಿ ನೋಡಿಸಿಕೊಳ್ಳದೆ ಬಿಪಿ ಮಾತ್ರೆ ಯಾರೂ ನುಂಗುವುದಿಲ್ಲ. ಆದರೆ ಊದದೇ ವರ್ಷಗಟ್ಟಲೆ ಇನ್ಹೇಲರ್ ತೆಗೆದುಕೊಳ್ಳುವವರು ಎಲ್ಲ ಕಡೆ ಇದ್ದಾರೆ. ಈ ಯಂತ್ರ ಹೊಸದೇನಲ್ಲ. ಲಂಡನ್ನಿನ ಜಾನ್ ಹಚಿನ್ಸನ್ 1846ರಲ್ಲೇ ಇದರ ವಿವರ ಪ್ರಕಟಿಸಿದರು. ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ ಲೆಕ್ಕ ಇಟ್ಟಿದ್ದರು.

ನಂಜನಗೂಡಿನ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದರು. ಬೀಡಿ, ಸಿಗರೇಟು ಮುಟ್ಟಿದವರಲ್ಲ. "ದಮ್ಮು ಬುದ್ಧಿ, ನೀರು ತರಕ್ಕೂ ಆಗಾಕಿಲ್ಲ" ಅಂದರು. ಫೈಲಿನಲ್ಲಿ ಅಸ್ತಮಾ ಅಂತ ಇತ್ತು. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟೆವು. ಮೊದಲ ಸಲ ಅಜ್ಜಿ ಕೆನ್ನೆ ಉಬ್ಬಿಸಿ ಪುಸ್ ಪುಸ್ ಅಂತ ಚಿಕ್ಕದಾಗಿ ಊದಿದರು. ಊದುಗೊಳವೆ ಹಿಡಿದು ಒಲೆ ಊದಿದ ಅಭ್ಯಾಸ ಅದು. ನಮ್ಮ ಟೆಕ್ನಿಷಿಯನ್ ಹುಡುಗಿ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟಳು. "ಅಜ್ಜೀ, ಹೊಟ್ಟೆ ತುಂಬ ಗಾಳಿ ಎಳ್ಕೊಳ್ಳಿ. ಈಗ ಒಂದೇ ಸಲ ಜೋರಾಗಿ ಬಿಡಿ! ಬಿಡಿ, ಬಿಡಿ, ಇನ್ನೂ, ಇನ್ನೂ, ಇನ್ನೂ..." ಆರು ಸೆಕೆಂಡು. ಅಜ್ಜಿಯ ಕಣ್ಣಲ್ಲಿ ನೀರು ಬಂತು. ಮೂರನೇ ಸಲಕ್ಕೆ ಸರಿಯಾಗಿ ಊದಿದರು.

ರಿಪೋರ್ಟಿನಲ್ಲಿ ಎರಡು ಸಂಖ್ಯೆ ನೋಡಿ, ಸಾಕು. 'ಎಫ್‌ವಿಸಿ' ಅಂದರೆ ಒಟ್ಟು ಎಷ್ಟು ಗಾಳಿ ಹೊರಗೆ ಬಂತು ಅಂತ. 'ಎಫ್‌ಇವಿ1' ಅಂದರೆ ಅದರಲ್ಲಿ ಮೊದಲ ಒಂದು ಸೆಕೆಂಡಿಗೆ ಎಷ್ಟು ಬಂತು ಅಂತ. ದಾರಿ ಸಲೀಸಾಗಿದ್ದರೆ ಸಾಮಾನ್ಯವಾಗಿ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಗಾಳಿ ಮೊದಲ ಸೆಕೆಂಡಿನಲ್ಲೇ ಬಂದುಬಿಡುತ್ತದೆ. ಅಜ್ಜಿಯದು ಎಫ್‌ವಿಸಿ 1.90 ಲೀಟರ್, ಎಫ್‌ಇವಿ1 0.95 ಲೀಟರ್. ಅಂದರೆ ಅರ್ಧ ಮಾತ್ರ. ಆಮೇಲೆ ಉಸಿರಿನ ದಾರಿ ಹಿಗ್ಗಿಸುವ ಸಾಲ್ಬುಟಮಾಲ್ ಇನ್ಹೇಲರ್ ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸಿದೆವು. ಎಫ್‌ಇವಿ1 1.02 ಲೀಟರ್ ಆಯಿತು. ಏರಿದ್ದು 70 ಮಿಲಿ. ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕದ ಪ್ರಕಾರ ನೂರಕ್ಕೆ 12ರಷ್ಟು, ಜೊತೆಗೆ 200 ಮಿಲಿ ಏರಬೇಕು. ಆಗ ದಾರಿ ಮತ್ತೆ ತೆರೆದುಕೊಳ್ಳುತ್ತದೆ ಅಂತ ತಿಳಿಯುತ್ತೇವೆ. ಅಸ್ತಮಾದಲ್ಲಿ ಸಾಮಾನ್ಯವಾಗಿ ಹಾಗೆ ತೆರೆದುಕೊಳ್ಳುತ್ತದೆ. ಅಜ್ಜಿಯ ವಯಸ್ಸು, ಒಲೆಯ ಹೊಗೆ, ಈ ಅಂಕಿ, ಎಲ್ಲ ಸೇರಿಸಿ ನೋಡಿದಾಗ ಅದು ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗಿ ಪೂರ್ತಿ ತೆರೆದುಕೊಳ್ಳದೇ ಉಳಿಯುವ ಕಾಯಿಲೆ. ಔಷಧಿಯ ಆಯ್ಕೆ ಬದಲಾಯಿತು. ಮನೆಯವರಿಗೆ ಹೇಳಬೇಕಾದ ಮಾತೂ ಬದಲಾಯಿತು. ಗ್ಯಾಸ್ ಸಿಲಿಂಡರ್ ಇದ್ದರೂ ನೀರು ಕಾಯಿಸಲು ಸೌದೆ ಒಲೆಯೇ ಉರಿಯುತ್ತಿತ್ತು. ಅದನ್ನು ನಿಲ್ಲಿಸುವುದೇ ಮೊದಲ ಔಷಧಿ.

ಸಿಒಪಿಡಿ ಅಂದರೆ ಬೀಡಿ ಸೇದುವ ಗಂಡಸರ ಕಾಯಿಲೆ ಅನ್ನುವ ನಂಬಿಕೆ ಡಾಕ್ಟರುಗಳಲ್ಲೂ ಇತ್ತು. ಇದನ್ನು ಪ್ರಶ್ನಿಸಿದ ಒಂದು ಕೆಲಸ ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ನಡೆದು 2013ರಲ್ಲಿ ಪ್ರಕಟವಾಯಿತು. ಲೆಕ್ಕ ಸುಲಭ. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ ಕೂರುತ್ತೀರಿ, ಎಷ್ಟು ವರ್ಷದಿಂದ, ಎರಡನ್ನೂ ಗುಣಿಸಿ. 60ಕ್ಕೆ ಮುಟ್ಟಿದ ಮೇಲೆ, ಸಿಒಪಿಡಿಯ ಜೊತೆ ಹೆಚ್ಚಾಗಿ ಕಾಣುವ ಕ್ರಾನಿಕ್ ಬ್ರಾಂಕೈಟಿಸ್ ಬರುವ ಅಪಾಯ ಎದ್ದು ಕಾಣುತ್ತದೆ ಅಂತ ಅವರು ಕಂಡುಕೊಂಡರು. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ, ಅಲ್ಲಿಗೆ 60. ನಮ್ಮ ಅಮ್ಮಂದಿರು, ಅಜ್ಜಿಯರು ಎಷ್ಟು ಜನ ಇದನ್ನು ಎಂದೋ ದಾಟಿಬಿಟ್ಟಿದ್ದಾರೆ, ಲೆಕ್ಕ ಹಾಕಿ. ಕ್ರಾನಿಕ್ ಬ್ರಾಂಕೈಟಿಸ್ ಅನ್ನುವ ಹೆಸರಿಗೂ ಒಂದು ಅಳತೆ ಇದೆ. ವರ್ಷದಲ್ಲಿ ಕನಿಷ್ಠ ಮೂರು ತಿಂಗಳು ಕಫದ ಕೆಮ್ಮು, ಸತತ ಎರಡು ವರ್ಷ ಹಾಗೆ ಇರಬೇಕು. ನಾಲ್ಕು ದಿನದ ಕೆಮ್ಮಿಗೆ ಆ ಹೆಸರು ಬರೆಯುವ ಹಾಗಿಲ್ಲ.

ಮಕ್ಕಳ 'ವೀಸಿಂಗ್' ಬಗ್ಗೆ ಒಂದು ಮಾತು. ವೀಸಿಂಗ್ ಅಂದರೆ ಉಸಿರು ಬಿಡುವಾಗ ಬರುವ ಸುಂಯ್ ಅನ್ನುವ ಶಬ್ದ, ಅಷ್ಟೇ. ಅದೂ ಮೊದಲನೇ ಗುಂಪಿನ ಪದ. ನಿನ್ನೆವರೆಗೆ ಚೆನ್ನಾಗಿದ್ದ ಎರಡು ವರ್ಷದ ಮಗು ಕಡ್ಲೆಕಾಯಿ ತಿನ್ನುತ್ತಾ ಆಡುತ್ತಿತ್ತು, ಇದ್ದಕ್ಕಿದ್ದ ಹಾಗೆ ಕೆಮ್ಮಿತು, ಆಮೇಲೆ ಒಂದೇ ಕಡೆಯ ಎದೆಯಲ್ಲಿ ಶಬ್ದ. ಇಲ್ಲಿ ನೆಬ್ಯುಲೈಸರ್ ಹಾಕುತ್ತಾ ಕೂರಬಾರದು. ಬೀಜ ಉಸಿರಿನ ದಾರಿಗೆ ಹೋಗಿರಬಹುದು. ಬ್ರಾಂಕೋಸ್ಕೋಪಿ, ಅಂದರೆ ದುರ್ಬೀನು ಇಳಿಸಿ ನೋಡಿ ತೆಗೆಯುವುದು, ಅದೇ ದಾರಿ. ಕಡ್ಲೆಕಾಯಿ ಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆದ್ದರಿಂದ ತಿನ್ನುವಾಗ ಕೆಮ್ಮಿದ್ದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

"ಲಂಗ್ಸ್‌ನಲ್ಲಿ ನೀರು ತುಂಬಿದೆ" ಅಂತ ಬರುವವರಿಗೆ ನಾನು ಫೈಲು ತೆಗೆದು ಪದ ತೋರಿಸುತ್ತೇನೆ. 'ಪ್ಲೂರಲ್ ಎಫ್ಯೂಶನ್' ಅಂತ ಇದ್ದರೆ ನೀರು ಶ್ವಾಸಕೋಶದ ಹೊರಗೆ, ಅದರ ಹೊದಿಕೆಯ ಪದರಗಳ ನಡುವೆ ಇದೆ. 'ಪಲ್ಮನರಿ ಎಡಿಮಾ' ಅಂತ ಇದ್ದರೆ ಶ್ವಾಸಕೋಶದ ಒಳಗೇ ಇದೆ. ಅದು ಹೆಚ್ಚಾಗಿ ಹೃದಯ ಸೋತಾಗ ಆಗುವುದು. ಮೊದಲನೆಯದಕ್ಕೆ ಬೆನ್ನಿನ ಕಡೆಯಿಂದ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಆ ರಿಪೋರ್ಟಿನಲ್ಲಿ 'ಎಡಿಎ' ಅನ್ನುವ ಕಿಣ್ವದ ಅಳತೆ 40 ದಾಟಿದ್ದರೆ ಕ್ಷಯದ ಅನುಮಾನ ಬಲವಾಗುತ್ತದೆ. ಎರಡನೆಯದಕ್ಕೆ ಸೂಜಿಯ ಕೆಲಸವೇ ಇಲ್ಲ. ಮೂತ್ರ ಹೆಚ್ಚು ಹೋಗುವ ಇಂಜೆಕ್ಷನ್, ಆಕ್ಸಿಜನ್, ಹೃದಯದ ಚಿಕಿತ್ಸೆ. ಹೊದಿಕೆಯ ಆ ಪದರಗಳ ನಡುವೆ ನೀರಿನ ಬದಲು ಕೀವು ತುಂಬಿದ್ದರೆ 'ಎಂಪಯೀಮಾ', ಗಾಳಿ ಸೇರಿಕೊಂಡರೆ 'ನ್ಯುಮೋಥೊರಾಕ್ಸ್'. ಎರಡಕ್ಕೂ ಸಾಮಾನ್ಯವಾಗಿ ಟ್ಯೂಬ್ ಹಾಕಬೇಕಾಗುತ್ತದೆ.

2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ ಜನ ಅತಿ ಹೆಚ್ಚು ಹೆದರಿದ್ದು 'ಸಿಟಿ' ಅನ್ನುವ ಎರಡು ಅಕ್ಷರಕ್ಕೆ. ಗಂಟಲ ದ್ರವದ ರಿಪೋರ್ಟಿನಲ್ಲಿ 'ಸಿಟಿ ವ್ಯಾಲ್ಯೂ 22' ಅಂತ ಇರುತ್ತಿತ್ತು. ಸ್ಕ್ಯಾನ್ ರಿಪೋರ್ಟಿನಲ್ಲಿ 'ಸಿಟಿ ಸ್ಕೋರ್ 8' ಅಂತ ಇರುತ್ತಿತ್ತು. ಪಕ್ಕದಲ್ಲೇ 'ಕೊರಾಡ್ಸ್ 5'. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಲೆಕ್ಕ. ಮೊದಲನೆಯದು ವೈರಸ್ ಕಾಣಿಸಿಕೊಳ್ಳಲು ಯಂತ್ರ ಎಷ್ಟು ಸುತ್ತು ಓಡಬೇಕಾಯಿತು ಅಂತ. ಅದು ಕಡಿಮೆ ಇದ್ದಷ್ಟೂ ಆ ಸ್ಯಾಂಪಲ್ಲಿನಲ್ಲಿ ವೈರಸ್ ಜಾಸ್ತಿ. ಎರಡನೆಯದು ಶ್ವಾಸಕೋಶ ಎಷ್ಟು ಹಾಳಾಗಿದೆ ಅಂತ. ಬಲಗಡೆ ಮೂರು ಹಾಲೆ, ಎಡಗಡೆ ಎರಡು, ಒಂದೊಂದಕ್ಕೆ ಐದು ಅಂಕ, ಒಟ್ಟು 25ಕ್ಕೆ. ಮೂರನೆಯದು ಇದು ಕೋವಿಡ್ ಇರಬಹುದೇ ಅನ್ನುವ ಅನುಮಾನದ ಮಟ್ಟ. ರೋಗ ಎಷ್ಟು ಜೋರಾಗಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಕೊರಾಡ್ಸ್ 5 ಅಂತ ಓದಿ, ರಾತ್ರೋರಾತ್ರಿ ಬೆಡ್ ಹುಡುಕಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಕುಟುಂಬಗಳಿದ್ದವು. ರೋಗಿಯ ಆಕ್ಸಿಜನ್ ಆಗ 97 ಇತ್ತು, ಮನೆಯಲ್ಲಿ ಮಲಗಿದ್ದರೆ ಸಾಕಿತ್ತು. ರಿಪೋರ್ಟು ಕೊಟ್ಟವರು ಒಂದು ಸಾಲು ಬಿಡಿಸಿ ಹೇಳಿದ್ದರೆ ಆ ಅಲೆದಾಟ ತಪ್ಪುತ್ತಿತ್ತು. ನನಗೆ ಈಗಲೂ ಅದು ನೋವಿನ ವಿಷಯ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಆಗ ಮನೆಮನೆಗೂ ಬಂತು. 95ರ ಮೇಲಿದ್ದರೆ ಸರಿ. ಉಗುರಿಗೆ ಬಣ್ಣ ಹಚ್ಚಿದ್ದರೆ, ಬೆರಳು ತಣ್ಣಗಿದ್ದರೆ ತಪ್ಪು ತೋರಿಸುತ್ತದೆ. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು. ಉಬ್ಬಸ ಜೋರಾಗಿದ್ದು ಯಂತ್ರ ಚೆನ್ನಾಗಿದೆ ಅಂದರೆ ಉಬ್ಬಸವನ್ನೇ ನಂಬಿ, ಆಸ್ಪತ್ರೆಗೆ ಬನ್ನಿ.

ಫೈಲಿನಲ್ಲಿ ಸಾಮಾನ್ಯವಾಗಿ ಇರದ ಒಂದು ಸಾಲಿದೆ: ನೀವು ಏನು ಕೆಲಸ ಮಾಡುತ್ತೀರಿ ಅನ್ನುವುದು. ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲಿನ ಧೂಳು ಕುಡಿದ ಕಾರ್ಮಿಕರಲ್ಲಿ ಸಿಲಿಕೋಸಿಸ್, ಅಂದರೆ ಆ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ, ಇದೆ ಅಂತ 1934ರಲ್ಲಿ ವರದಿಯಾಯಿತು. ಭಾರತದಲ್ಲಿ ಆ ರೋಗದ ಮೊದಲ ವರದಿ ಅದೇ. ಗಣಿ 2001ರಲ್ಲಿ ಮುಚ್ಚಿತು, ಆದರೆ ಕಲ್ಲು ಕ್ರಷರ್, ಕಲ್ಲು ಕೆತ್ತುವ ಕೆಲಸ ಎಲ್ಲ ಜಿಲ್ಲೆಯಲ್ಲೂ ನಡೆದಿದೆ. ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕ್ಷಯದ ಹಾಗೇ ಕಾಣಬಹುದು. ಕ್ಷಯವೂ ಅವರಿಗೆ ಬೇಗ ಅಂಟುತ್ತದೆ. ಕಫದಲ್ಲಿ ಏನೂ ಸಿಗದಿದ್ದರೂ ಕ್ಷಯದ ಔಷಧಿಯನ್ನು ಎರಡೆರಡು ಸಲ ನುಂಗಿದ ಕ್ರಷರ್ ಕೆಲಸಗಾರರನ್ನು ನೋಡಿದ್ದೇನೆ. ಯಾರೂ ಅವರ ಕೆಲಸ ಏನು ಅಂತ ಕೇಳಿರಲಿಲ್ಲ. ಕೇಳದಿದ್ದರೂ ನೀವೇ ಹೇಳಿ. ಬಾಲ್ಕನಿಯಲ್ಲಿ ಪಾರಿವಾಳ ಗೂಡು ಕಟ್ಟಿದ್ದರೆ ಅದನ್ನೂ ಹೇಳಿ. ಅವುಗಳ ಹಿಕ್ಕೆ, ಪುಕ್ಕದ ಧೂಳಿನಿಂದ ಬರುವ 'ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್' ಅನ್ನುವ ಕಾಯಿಲೆ ವರ್ಷಗಟ್ಟಲೆ ಅಸ್ತಮಾ ಅಂತಲೇ ನಡೆದುಹೋಗುವುದುಂಟು.

ಕೊನೆಗೆ ಎಕ್ಸ್‌ರೇ ಫಿಲ್ಮಿನ ವಿಷಯ. 'ಪ್ರಾಮಿನೆಂಟ್ ಬ್ರಾಂಕೋವ್ಯಾಸ್ಕುಲರ್ ಮಾರ್ಕಿಂಗ್ಸ್' ಅಂತ ಇದ್ದರೆ ಗಾಬರಿ ಬೇಡ. ಉಸಿರಿನ ಕೊಳವೆ, ರಕ್ತನಾಳಗಳ ಗೆರೆ ಸ್ವಲ್ಪ ಎದ್ದು ಕಾಣುತ್ತಿವೆ ಅಂತ, ಅಷ್ಟೇ. ಆರೋಗ್ಯವಾಗಿರುವ ಬಹಳ ಜನರ ರಿಪೋರ್ಟಿನಲ್ಲಿ ಇದು ಇರುತ್ತದೆ. 'ಕನ್ಸಾಲಿಡೇಶನ್' ಅಂದರೆ ಗಾಳಿ ಇರಬೇಕಾದ ಕಡೆ ಬೇರೇನೋ ತುಂಬಿದೆ, ಹೆಚ್ಚಾಗಿ ನ್ಯುಮೋನಿಯಾ. 'ಫೈಬ್ರೋಟಿಕ್ ಬ್ಯಾಂಡ್ಸ್', 'ಓಲ್ಡ್ ಕಾಕ್ಸ್ ಸೀಕ್ವೆಲೆ' ಅಂದರೆ ಹಳೆಯ ಕ್ಷಯ ವಾಸಿಯಾಗಿ ಉಳಿದ ಗಾಯದ ಗುರುತು. ಆ ಗುರುತು ಜೀವನಪೂರ್ತಿ ಇರುತ್ತದೆ. ಪ್ರತಿ ಸಲ ಹೊಸ ಡಾಕ್ಟರು ಅದನ್ನು ನೋಡಿ ಹೊಸ ಕ್ಷಯ ಅಂದುಕೊಳ್ಳದಿರಬೇಕಾದರೆ ಹಳೆಯ ಫಿಲ್ಮು ಪಕ್ಕದಲ್ಲಿಟ್ಟು ನೋಡಬೇಕು. 'ನಾಡ್ಯೂಲ್', ಅಂದರೆ ಸಣ್ಣ ಗಂಟು, ಅಂತ ಬಂದಾಗಲೂ ಹಾಗೇ. ಎರಡು ವರ್ಷದ ಹಿಂದಿನ ಸ್ಕ್ಯಾನಿನಲ್ಲೂ ಅದು ಅಷ್ಟೇ ಗಾತ್ರದ ಗಟ್ಟಿ ಗಂಟಾಗಿ ಇದ್ದರೆ ಕ್ಯಾನ್ಸರಿನ ಭಯ ಬಹುಪಾಲು ಹೋಗುತ್ತದೆ. ಹಳೆಯದು ಸಿಗದಿದ್ದರೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸುತ್ತಾ ಕಾಯಬೇಕು, ಇಲ್ಲವೇ ಸೂಜಿ ಹಾಕಿ ತುಣುಕು ತೆಗೆಯಬೇಕು. ಒಂದು ಸಿಟಿ ಸ್ಕ್ಯಾನಿನ ವಿಕಿರಣ ಎದೆಯ ಎಕ್ಸ್‌ರೇಗಿಂತ ಹತ್ತಾರು ಪಟ್ಟು ಜಾಸ್ತಿ. ಆದ್ದರಿಂದ ಮನೆ ಸುಣ್ಣಬಣ್ಣ ಮಾಡಿಸುವಾಗ ಆ ಕವರನ್ನು ರದ್ದಿಗೆ ಹಾಕಬೇಡಿ. ಬಿಸಿಲು ಬೀಳದ, ತೇವ ಇಲ್ಲದ ಕಡೆ ಇಡಿ. ಫಿಲ್ಮಿನ ಮೂಲೆಯಲ್ಲಿ ತಾರೀಖು ಅಳಿಸಿದ್ದರೆ ಮಾರ್ಕರ್ ಪೆನ್ನಿನಲ್ಲಿ ಬರೆದಿಡಿ. ಮುಂದಿನ ಸಲ ಬರುವಾಗ ಹೊಸ ರಿಪೋರ್ಟಿನ ಜೊತೆ ಅದನ್ನೂ ತನ್ನಿ.